ಆಂಟಿಯನ್ನು ಕರೆದರೆ ತಡವಾಗುತ್ತದೆ

ಆ ಸದ್ದು ಈಗಲೂ ಕಿವಿಯಲ್ಲಿದೆ. ಮೊದಲು ಸಣ್ಣಗೆ ‘ಸುಂಯ್’ ಎನ್ನುವುದು, ಆಮೇಲೆ ಯಾರೋ ಪಕ್ಕದ ಕೋಣೆಯಲ್ಲಿ ಹಿಟ್ಟಿನ ಗಿರಣಿ ಶುರುಮಾಡಿದಂತೆ ಏರುವುದು, ಇನ್ನೇನು ಮೇಜು ಬಿಟ್ಟು ಹಾರಿಯೇ ಹೋಗುತ್ತದೆ ಅನ್ನುವಷ್ಟರಲ್ಲಿ ಥಟ್ಟನೆ ನಿಂತುಬಿಡುವುದು. ಹೋದ ವರ್ಷ ಬಂಗಾಳದ ದುರ್ಗಾಪೂಜೆಯ ಗದ್ದಲ ಮುಗಿದ ಮೇಲಿನ ಮೂರು ತಿಂಗಳು ಬೆಹಾಲಾದ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು ಚೆಸ್ ಆಡುತ್ತ ಯೋಚನೆ ಮಾಡುತ್ತಿದ್ದ ಸದ್ದು ಅದು. ಒಳಗಿನ ಪುಟ್ಟ ಫ್ಯಾನು, ಅಷ್ಟೇ. ಆದರೆ ಯೋಚಿಸುವವರ ತಲೆ ಬಿಸಿಯಾಗುತ್ತದೆ ಎನ್ನುವುದನ್ನು ನಾನು ಕಿವಿಯಾರೆ ಕೇಳಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಯೋಚನೆ ಮಾಡುವವರು ಸದ್ದು ಮಾಡುವುದಿಲ್ಲ. ಸದ್ದು ಮಾಡುವವಳು, ಅಂದರೆ ನಾನು, ಯೋಚನೆ ಮಾಡುವುದಿಲ್ಲ ಎಂದು ನಮ್ಮ ಯಜಮಾನರ ಅಂಬೋಣ.

ಮೊದಲೇ ಒಂದು ಕನ್ಫೆಷನ್ ಮಾಡಿಬಿಡುತ್ತೇನೆ. ನನಗೆ ಸಲಹೆ ಕೊಡುವ ಚಟವಿದೆ. ಕೆಲವರಿಗೆ ಎಲೆಯಡಿಕೆ, ಕೆಲವರಿಗೆ ಟಿವಿ ಸೀರಿಯಲ್ಲು, ನನಗೆ ಇದು. ಮೀನಿನ ಅಂಗಡಿಯ ಮುಂದೆ ನಿಂತ ಅಪರಿಚಿತ ಹೆಂಗಸಿಗೆ ಯಾವ ಮೀನು ತಾಜಾ ಎಂದು ಹೇಳಿದ್ದೇನೆ. ನಾನು ಜನ್ಮದಲ್ಲಿ ಮೀನು ತಿಂದವಳಲ್ಲ. ಕೇಳದೆ ಕೊಡಬಾರದು ಎನ್ನುವ ಮ್ಯಾನರ್ಸ್ ಗೊತ್ತಿಲ್ಲ ಎಂದಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಮ್ಯಾನರ್ಸ್ ಬಿಟ್ಟು ಬೇರೇನನ್ನೂ ಕಲಿಸಲಿಲ್ಲ ಎಂದರೂ ನಡೆದೀತು. ಕಲಿಸಿದ ಇನ್ನೊಂದು ವಸ್ತುವೆಂದರೆ ಚೆಸ್. ಮಳೆ ಬಂದು ಗೇಮ್ಸ್ ಪೀರಿಯಡ್ಡು ರದ್ದಾದಾಗಲೆಲ್ಲ ಸಿಸ್ಟರ್ ಫಿಲೊಮಿನಾ ಎಂಬ ಧಡೂತಿ ಸನ್ಯಾಸಿನಿ ಲೈಬ್ರರಿಯಲ್ಲಿ ಬೋರ್ಡು ಹಾಸಿ, ‘ಗರ್ಲ್ಸ್, ಡೋಂಟ್ ಗ್ರ್ಯಾಬ್’ ಎಂದು ಶುರುಮಾಡುತ್ತಿದ್ದರು. ಎದುರಾಳಿಯ ಕಾಯಿ ಕಂಡಕೂಡಲೇ ಬಾಚಿಕೊಳ್ಳುವುದು ಅನ್‌ಲೇಡಿಲೈಕ್. ಮೊದಲು ನಿನ್ನ ಮನೆ ಒಪ್ಪವಾಗಿದೆಯೇ ನೋಡಿಕೋ, ರಾಜನಿಗೆ ಗಾಳಿ ಬಡಿಯುತ್ತಿದೆಯೇ, ಕುದುರೆ ಮೂಲೆಯಲ್ಲಿ ಮುಖ ಸಪ್ಪೆ ಮಾಡಿಕೊಂಡು ನಿಂತಿದೆಯೇ ಎಂದು ವಿಚಾರಿಸಿಕೋ. ಹೀಗಾಗಿ ನಾನು ಚೆಸ್ ಆಡುವುದು ಡ್ರಾಯಿಂಗ್ ರೂಮು ಜೋಡಿಸಿದ ಹಾಗೆ. ಕೆಳಗಿನ ಮಹಡಿಯ ಘೋಷಾಲ್ ಬಾಬು, ರಿಟೈರ್ ಆದ ಹಿಸ್ಟರಿ ಮೇಷ್ಟರು, ಇಪ್ಪತ್ತು ವರ್ಷದಿಂದ ನನ್ನ ಎದುರಾಳಿ, ಬಂಗಾಳಿಯಲ್ಲಿ ಅತ್ತಿಗೆ ಎಂದು ನನ್ನನ್ನು ‘ಬೌದಿ’ ಎನ್ನುವವರು. ‘ಬೌದಿ, ನಿಮ್ಮ ಪೊಸಿಷನ್ ನೋಡಿದರೆ ಫೋಟೊ ತೆಗೆದಿಟ್ಟುಕೊಳ್ಳಬೇಕು ಅನಿಸುತ್ತದೆ, ಚೆಕ್‌ಮೇಟ್’ ಎನ್ನುತ್ತಾರೆ. ಒಂದೇ ಉಸಿರಿನಲ್ಲಿ.

ನೀಲಗಂಗಾ ನಮ್ಮ ಮನೆಗೆ ಬಂದದ್ದು ಹಾಸ್ಟೆಲಿನ ಚಾವಣಿ ಸೋರಿದ್ದರಿಂದ. ಧಾರವಾಡದ ಹುಡುಗಿ, ಇಲ್ಲಿನ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಕನ್ನಡದವರೆಲ್ಲ ಸೇರಿ ಮಾಡಿದ ರಾಜ್ಯೋತ್ಸವದ ಊಟದಲ್ಲಿ ಬಿಸಿಬೇಳೆಬಾತನ್ನು ಮೂರನೆಯ ಸಲ ಹಾಕಿಸಿಕೊಳ್ಳುತ್ತಿದ್ದವಳನ್ನು ನಾನೇ ಹಿಡಿದು ಮಾತಾಡಿಸಿದೆ. ರಿಪೇರಿ ಮುಗಿಯುವವರೆಗೆ ಎಲ್ಲಿರುವುದೋ ಗೊತ್ತಿಲ್ಲ ಎಂದಳು. ‘ನಮ್ಮ ಮನೇಲಿರಮ್ಮ’ ಎಂದೆ. ಹಾಗೆ ಹೇಳುವ ಮುಂಚೆ ನಮ್ಮ ಯಜಮಾನರನ್ನು ಕೇಳಬೇಕಿತ್ತು ಎಂದು ಅನ್ನಿಸಿದ್ದು ಅವಳ ಟ್ರಂಕು ಮೂರನೆಯ ಮಹಡಿಗೆ ಬಂದ ಮೇಲೆ.

ಅವರಿಗೇನೂ ಬೇಸರವಾಗಲಿಲ್ಲ. ಆದರೆ ಅವರಿಗೆ ಹೇಳಿದ್ದರೆ ನೀಲಾ ಬರುವ ಹೊತ್ತಿಗೆ ಹಾಸ್ಟೆಲಿನ ರಿಪೇರಿ ಮುಗಿದಿರುತ್ತಿತ್ತು. ಖಿದಿರ್‌ಪುರದ ಡಾಕಿನಲ್ಲಿ ಮೂವತ್ತೆಂಟು ವರ್ಷ ಹಡಗಿನಿಂದ ಯಾವ ಪೆಟ್ಟಿಗೆ ಮೊದಲು ಇಳಿಸಬೇಕು, ಯಾವುದು ಆಮೇಲೆ ಎಂದು ಲೆಕ್ಕ ಹಾಕಿದ ಮನುಷ್ಯ. ಮನೆಗೆ ಬಂದರೂ ಎಲ್ಲವೂ ಪೆಟ್ಟಿಗೆಯ ಮೇಲೆ ಪೆಟ್ಟಿಗೆಯೇ. ಗಡಿಯಾಹಾಟ್‌ಗೆ ಹೋಗಿಬರೋಣ ಅಂದರೆ ಶುರು: ‘ಮೆಟ್ರೊದಲ್ಲಿ ಹೋದ್ರೆ ಇಳಿದು ಆಟೊ ಹಿಡೀಬೇಕು. ಆಟೊದವನು ಜನ ತುಂಬೋವರೆಗೂ ಬಿಡಲ್ಲ. ಬಿಡೋ ಹೊತ್ತಿಗೆ ಸ್ಕೂಲು ಬಿಟ್ಟಿರುತ್ತೆ. ಸ್ಕೂಲು ಬಿಟ್ರೆ ಹಿಂದಿನ ಗಲ್ಲೀಲಿ ಹೋಗ್ತಾನೆ. ಗಲ್ಲೀಲಿ ಹೋದ್ರೆ...’ ಹೀಗೆ ಏಳು ತಿರುವು ಮುಂದಕ್ಕೆ ನೋಡುತ್ತಾರೆ. ಆದರೆ ಪ್ರತಿ ದಾರಿಯ ಕೊನೆಗೂ ಅವರು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಕೂರಲು ಸೀಟು ಸಿಗುತ್ತದೋ ಇಲ್ಲವೋ? ನನ್ನದು ಬೇರೆ ರೀತಿ. ಬಸ್ಸು ಬಂದರೆ ಕಂಡಕ್ಟರನ ಮುಖದಲ್ಲಿ ದಯೆ ಇದೆಯೇ, ಕಿಟಕಿಗೆ ಗಾಳಿ ಬರುತ್ತದೆಯೇ, ಒಳಗೆ ಕೂತ ಹೆಂಗಸರು ಮರ್ಯಾದಸ್ಥರೇ ಎಂದು ಒಂದೇ ನೋಟದಲ್ಲಿ ಹತ್ತು ವಿಚಾರ ಅಳೆದು ಹತ್ತಿಬಿಡುತ್ತೇನೆ. ಎಂಥ ಸೊಗಸಾದ ಬಸ್ಸುಗಳಲ್ಲಿ ಕೂತಿದ್ದೇನೆ ನಾನು! ಗಡಿಯಾಹಾಟ್‌ಗೆ ಹೊರಟವಳು ಎರಡು ಸಲ ಟಾಲಿಗಂಜ್ ತಲುಪಿದ್ದೇನೆ ಎನ್ನುವುದು ಬೇರೆ ಮಾತು.

ಈ ಕಥೆಯನ್ನು ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದರೆ, ನೀಲಾ ತುತ್ತು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತುಬಿಟ್ಟಳು.

‘ಆಂಟಿ! ಇದ ನನ್ನ ಥೀಸಿಸ್ ಐತ್ರಿ!’

‘ಯಾವುದು? ಬಸ್ಸಾ?’ ಎಂದರು ಇವರು.

‘ಬಸ್ ಅಲ್ರಿ ಅಂಕಲ್. ನೀವು ಮತ್ತ ಆಂಟಿ!’

ಆಮೇಲೆ ಬಿಡಿಸಿ ಹೇಳಿದಳು. ಅವಳು ಬರೆಯುತ್ತಿದ್ದದ್ದು ಚೆಸ್ ಆಡುವ ಒಂದು ಪ್ರೋಗ್ರಾಮು. ಅದಕ್ಕೆ ಒಂದೊಂದು ನಡೆಗೆ ಒಂದೊಂದು ಸೆಕೆಂಡು ಟೈಮು. ಆ ಸೆಕೆಂಡಿನಲ್ಲಿ ಅದು ‘ನಾನು ಹೀಗೆ ನಡೆಸಿದರೆ ಅವನು ಹಾಗೆ, ಅವನು ಹಾಗಾದರೆ ನಾನು ಹೀಗೆ’ ಎಂದು ಲಕ್ಷಗಟ್ಟಲೆ ದಾರಿಗಳಲ್ಲಿ ಓಡುತ್ತದೆ. ಪ್ರತಿ ದಾರಿಯ ಕೊನೆಗೂ ನಿಂತು, ಈ ಜಾಗ ನನಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯುತ್ತದೆ. ಬರಿಯ ಕಾಯಿ ಎಣಿಸಿ ಮುಂದೆ ಹೋದರೆ ಬಹಳ ಆಳಕ್ಕೆ ಓಡಬಹುದು, ಅದು ಅಂಕಲ್. ನಿಂತು, ಕೂತು, ಪರದೆಯ ಬಣ್ಣ ಕೂಡ ಗಮನಿಸಿ ಅಳೆದರೆ ಒಳ್ಳೆಯ ತೀರ್ಮಾನ ಬರುತ್ತದೆ, ಆದರೆ ಎರಡು ಹೆಜ್ಜೆ ಹೋಗುವುದರೊಳಗೆ ಟೈಮು ಮುಗಿಯುತ್ತದೆ, ಅದು ಆಂಟಿ. ಎಷ್ಟು ಅಂಕಲ್, ಎಷ್ಟು ಆಂಟಿ ಎನ್ನುವುದೇ ಅವಳ ಎರಡು ವರ್ಷದ ದುಡಿಮೆ.

ಅದರ ಮೇಲೆ ಕತ್ತಿಯೂ ತೂಗುತ್ತಿತ್ತು. ಅವಳ ಗೈಡ್ ಮೇಡಂಗೆ ಈ ವಿಷಯದಲ್ಲಿ ನಂಬಿಕೆಯಿರಲಿಲ್ಲ. ಡಿಪಾರ್ಟ್‌ಮೆಂಟಿನಲ್ಲಿ ಹಿಂದೆ ಯಾರೋ ಸೀನಿಯರ್ ಬರೆದಿಟ್ಟುಹೋದ ಒಂದು ಪ್ರೋಗ್ರಾಮು ಇತ್ತು. ಶುದ್ಧ ಅಂಕಲ್: ಕಾಯಿ ಎಣಿಸುವುದು ಬಿಟ್ಟು ಏನೂ ಗೊತ್ತಿಲ್ಲ, ಆದರೆ ಪಾತಾಳದವರೆಗೆ ನೋಡುತ್ತದೆ. ಜನವರಿಯ ಒಂದು ಶನಿವಾರ ಅದರ ಜೊತೆ ಹತ್ತು ಆಟ. ನೀಲಾಳ ಪ್ರೋಗ್ರಾಮು ಗೆದ್ದರೆ ಥೀಸಿಸ್ಸು ಮುಂದುವರಿಯುತ್ತದೆ. ಸೋತರೆ, ಸಮ ಆದರೂ ಸರಿ, ಎರಡು ವರ್ಷದ ಕೆಲಸ ಕಪಾಟಿಗೆ. ಮೇಡಂ ಕೊಟ್ಟ ಬೇರೊಂದು ವಿಷಯ ಅ ಆ ಇ ಈಯಿಂದ ಶುರು. ‘ಆ ವಿಷಯ ಏನಮ್ಮ?’ ಎಂದು ಕೇಳಿದೆ. ‘ಚರಂಡಿ ನೀರಿನ ಡೇಟಾ ರೀ’ ಎಂದಳು.

ಇಂಥ ಹೊತ್ತಿನಲ್ಲಿ ನನ್ನಂಥವಳು ಸುಮ್ಮನಿರುವುದು ಹೇಗೆ ಸಾಧ್ಯ? ಸಿಸ್ಟರ್ ಫಿಲೊಮಿನಾ ಕಲಿಸಿದ್ದು, ಇಪ್ಪತ್ತು ವರ್ಷ ಘೋಷಾಲ್ ಬಾಬು ಕೈಲಿ ಸೋತು ಕಲಿತದ್ದು ಎಲ್ಲ ಸೇರಿಸಿ ಹೇಳತೊಡಗಿದೆ. ಅಂಚಿನಲ್ಲಿರುವ ಕುದುರೆಗೆ ಮಾರ್ಕ್ಸ್ ಕಡಿಮೆ ಕೊಡು. ಒಂದರ ಹಿಂದೊಂದು ನಿಂತ ಕಾಲಾಳುಗಳು ರೇಷನ್ ಕ್ಯೂ ಇದ್ದಂತೆ, ಅದಕ್ಕೂ ಕಡಿಮೆ. ರಾಣಿ ಎಲ್ಲರಿಗಿಂತ ಮೊದಲು ಹೊರಗೆ ಓಡಬಾರದು. ಹೊರಬರಲು ದಾರಿಯಿಲ್ಲದ ಒಂಟೆಯನ್ನು ಒಂಟೆ ಅಂತ ಎಣಿಸಲೇಬೇಡ. ಬೆಳಿಗ್ಗೆ ಉಪ್ಪಿಟ್ಟು ಕಲಕುವಾಗ ಒಂದು, ಸ್ನಾನ ಮಾಡಿ ಬಂದ ಕೂಡಲೇ ಇನ್ನೊಂದು. ಪ್ರತಿಯೊಂದಕ್ಕೂ ನೀಲಾ ‘ಆತ್ರಿ ಆಂಟಿ, ಹಾಕ್ತೇನ್ರಿ’ ಎನ್ನುವಳು. ಹಾಕಿಯೇ ಹಾಕುವಳು. ನಾನು ಒಂದು ನೋಟ್‌ಬುಕ್ಕಿನಲ್ಲಿ ನಂಬರ್ ಹಾಕಿ, ಕಾನ್ವೆಂಟಿನ ಕರ್ಸಿವ್ ಅಕ್ಷರದಲ್ಲಿ ಬರೆದಿಟ್ಟೆ. ಡಿಸೆಂಬರ್ ಮುಗಿಯುವ ಹೊತ್ತಿಗೆ ನಲವತ್ತೊಂದಾಗಿತ್ತು. ಲ್ಯಾಪ್‌ಟಾಪಿನ ಸುಂಯ್‌ಗುಟ್ಟುವಿಕೆ ಗಿರಣಿಯ ಮಟ್ಟಕ್ಕೆ ಏರಿದ್ದು ಆಗಲೇ. ಅದು ಪ್ರಗತಿಯ ಸದ್ದು ಎಂದುಕೊಂಡಿದ್ದೆ.

ಶನಿವಾರಕ್ಕೆ ಎಂಟು ದಿನ ಇರುವಾಗ, ಸೀನಿಯರನ ಪ್ರೋಗ್ರಾಮಿನ ಕಾಪಿಯನ್ನು ತಂದು ಮನೆಯಲ್ಲೇ ಒಂದು ರಿಹರ್ಸಲ್ ಮಾಡಿದಳು. ಘೋಷಾಲ್ ಬಾಬುವನ್ನೂ ಕರೆದಿದ್ದೆ, ನನ್ನ ಶಿಷ್ಯನ ಆಟ ನೋಡಲಿ ಎಂದು. ಫ್ರ್ಯಾಂಕ್ಲಿ ಹೇಳುತ್ತೇನೆ, ಎಂಥ ಚೆಂದದ ಆಟ! ಕಾಲಾಳುಗಳು ಮಣಿಸರದಂತೆ. ಕುದುರೆಗಳು ನಡುಮನೆಯಲ್ಲಿ. ರಾಜ ಬೆಚ್ಚಗೆ. ಹದಿನಾರನೆಯ ನಡೆಯಲ್ಲಿ ನಮ್ಮ ಪ್ರೋಗ್ರಾಮು ಒಂದು ಕಾಲಾಳನ್ನು ಬಹಳ ನಾಜೂಕಾಗಿ ಒಂದು ಮನೆ ಮುಂದಕ್ಕೆ ಸರಿಸಿತು. ಎದುರಿನದು ಒಂದು ಚೆಕ್ ಕೊಟ್ಟು, ಮರುನಡೆಯಲ್ಲಿ ನಮ್ಮ ರಾಣಿಯನ್ನು ಎತ್ತಿಕೊಂಡು ಹೋಯಿತು. ಮೂರೇ ಹೆಜ್ಜೆ ಮುಂದಿದ್ದ ಸಂಕಟ ನಮ್ಮದಕ್ಕೆ ಕಂಡಿರಲಿಲ್ಲ.

‘ಬೌದಿ,’ ಎಂದರು ಘೋಷಾಲ್ ಬಾಬು ಮೆಲ್ಲಗೆ, ‘ಇದು ನಿಮ್ಮ ಹಾಗೇ ಆಡುತ್ತದೆ!’

ಐದು ಆಟ ಆಡಿಸಿದಳು. ಐದೂ ಅದೇ ಕಥೆ. ನೀಲಾ ಏನೋ ಗುಂಡಿಗಳನ್ನು ಒತ್ತಿದಳು. ಪ್ರೋಗ್ರಾಮಿನ ಯಾವ ಭಾಗಕ್ಕೆ ಎಷ್ಟು ಹೊತ್ತು ಹೋಗುತ್ತಿದೆ ಎಂದು ತೋರಿಸುವ ಪಟ್ಟಿಯೊಂದು ತೆರೆದುಕೊಂಡಿತು. ಮೇಲಿನ ಸಾಲು ಉದ್ದಕ್ಕೆ ಕೆಂಪಗಿತ್ತು. ಇವರು ಕನ್ನಡಕ ಏರಿಸಿ ಬಗ್ಗಿ ಓದಿದರು.

‘ಏನಿದು? ಎ, ಯು, ಎನ್, ಟಿ, ವೈ... ಆಂಟಿ?’

ನೀಲಾ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ನನ್ನ ಸಲಹೆಗಳನ್ನೆಲ್ಲ ಒಂದೇ ಕಡೆ ಕಟ್ಟಿಟ್ಟು ಆ ಕಟ್ಟಿಗೆ ನನ್ನ ಹೆಸರನ್ನೇ ಇಟ್ಟಿದ್ದಳಂತೆ. ಪ್ರತಿ ದಾರಿಯ ಕೊನೆಗೂ ಪ್ರೋಗ್ರಾಮು ಆಂಟಿಯನ್ನು ಕರೆಯುತ್ತಿತ್ತು. ಆಂಟಿ ಬಂದು ನಲವತ್ತೊಂದು ಮಾತು ಹೇಳಿ ಹೋಗುವಷ್ಟರಲ್ಲಿ ಸೆಕೆಂಡು ಮುಗಿಯುತ್ತಿತ್ತು.

‘ಹತ್ತರಾಗ ಒಂಬತ್ತು ಪಾಲು ಟೈಮ್ ಆಂಟಿಯೊಳಗ ಹೋಗೇತ್ರಿ’ ಎಂದಳು ಬೆರಳುಗಳ ಸಂದಿಯಿಂದ.

‘ನಲವತ್ತೇಳು ವರ್ಷದಿಂದ ನಾನೂ ಅದನ್ನೇ ಹೇಳ್ತಿದ್ದೀನಿ’ ಎಂದರು ಇವರು. ಅಷ್ಟು ಸಂತೋಷದಿಂದ ನಕ್ಕದ್ದನ್ನು ರಿಟೈರ್‌ಮೆಂಟಿನ ದಿನವೂ ನಾನು ನೋಡಿರಲಿಲ್ಲ. ಘೋಷಾಲ್ ಬಾಬುಗೆ ಹಿಂದಿಯಲ್ಲಿ ಅನುವಾದ ಮಾಡಿ ಹೇಳಿದರು. ಅವರೂ ನಕ್ಕರು. ನಾನೂ ನಗಬೇಕಾಯಿತು. ಮ್ಯಾನರ್ಸ್.

ಆದರೆ ಅವರಿಬ್ಬರೂ ಎದ್ದುಹೋದ ಮೇಲೆ ಕುರ್ಚಿ ಎಳೆದುಕೊಂಡು ನೀಲಾಳ ಪಕ್ಕ ಕೂತೆ. ‘ತಡ ಆಗ್ತಿದೆ ಅಂತ ನಿಂಗೆ ಗೊತ್ತಿತ್ತಾ?’ ಎಂದು ಕೇಳಿದೆ.

‘ಸ್ವಲ್ಪ ಗೊತ್ತಿತ್ರಿ.’

‘ಮತ್ತೆ ಯಾಕೆ ಹೇಳಲಿಲ್ಲ, ಸಿಲ್ಲಿ ಗರ್ಲ್?’

‘ಹೆಂಗ ಹೇಳ್ಲಿ ಆಂಟಿ? ನೀವು ನನಗ ಬಿಸಿ ಬಿಸಿ ಉಪ್ಪಿಟ್ಟು ಬಡಸ್ಕೋತ ಹೇಳ್ತಿದ್ರಿ. ಉಪ್ಪಿಟ್ಟು ತಿಂದು, ಮಾತು ಬ್ಯಾಡಂತ ಹೆಂಗ ಅನ್ಲಿ?’

ಅಲ್ಲ, ಎಂಥ ಹುಡುಗಿ! ಅನ್ನ ಹಾಕಿದವರ ಮಾತು ತೆಗೆಯಬಾರದು ಎಂದು ಎರಡು ವರ್ಷದ ದುಡಿಮೆಯನ್ನೇ ಪಣಕ್ಕಿಟ್ಟಿದ್ದಾಳೆ. ಬಂಗಾಳಿ ಹುಡುಗಿಯಾಗಿದ್ದರೆ ಎರಡನೆಯ ಸಲಹೆಗೇ ಜಗಳ ತೆಗೆದು, ವಾದ ಮಾಡಿ, ಚಹಾ ಕುಡಿದು ನನ್ನನ್ನು ಬಚಾವು ಮಾಡುತ್ತಿದ್ದಳು. ನಮ್ಮವರ ಸಂಕೋಚ ಕಂಪ್ಯೂಟರಿನ ಒಳಗೂ ಹೋಗಿ ಕೂರುತ್ತದೆ ಎಂದು ನನಗೇನು ಗೊತ್ತು? ‘ತೆಗಿ, ಎಲ್ಲ ತೆಗಿ’ ಎಂದೆ. ಧೀರೋದಾತ್ತಳಾಗಿಯೇ ಹೇಳಿದೆ, ನೋಟ್‌ಬುಕ್ಕನ್ನು ಮಾತ್ರ ಕೈಬಿಡಲಿಲ್ಲ.

‘ಎಲ್ಲಾ ಬ್ಯಾಡ್ರಿ. ಒಂದೊಂದ ತಗದು ನೋಡೋಣು.’

ಭಾನುವಾರದಿಂದ ಗುರುವಾರದವರೆಗೆ ನಡೆದದ್ದು ಅದು. ಒಂದು ಸಲಹೆ ಆರಿಸುವುದು, ಅದಿರುವ ಪ್ರೋಗ್ರಾಮನ್ನು ಅದಿಲ್ಲದ ಪ್ರೋಗ್ರಾಮಿನ ಎದುರು ನೂರು ಚಿಕ್ಕ ಆಟ ಆಡಿಸುವುದು. ಸಲಹೆಯಿಲ್ಲದ್ದು ಗೆದ್ದರೆ ನೋಟ್‌ಬುಕ್ಕಿನಲ್ಲಿ ನಾನೇ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆಯುವುದು. ನನ್ನ ಬುದ್ಧಿಗೆ ನಾನೇ ಅಡ್ಡಗೆರೆ! ಪ್ರತಿಯೊಂದಕ್ಕೂ ಲಾಯರಿನಂತೆ ವಾದಿಸಿದೆ. ‘ರಾಣಿ ಬೇಗ ಹೊರಗೆ ಹೋಗಬಾರದು ಅನ್ನೋದು ಎಷ್ಟು ದೊಡ್ಡ ಮಾತು, ನೀಲಾ!’ ಎಂದರೆ, ‘ಮಾತು ಛಲೋನ ಐತ್ರಿ. ಆದ್ರ ಇನ್ನೆರಡು ಹೆಜ್ಜಿ ಮುಂದ ನೋಡಿದ್ರ, ರಾಣಿ ಬೆನ್ನತ್ತಿ ಬಡೀತಾರಂತ ಅದಕ್ಕ ತಾನ ಕಾಣತೈತಿ. ತಾನ ಕಾಣೂದನ್ನ ಹೇಳಿದ್ರ ಟೈಮ್ ವೇಸ್ಟ್ ರೀ’ ಎಂದಳು. ಆ ಮಾತು ನನ್ನ ಎದೆಗೆ ನೇರ ಬಂದು ತಗುಲಿತು. ನಾನು ಇಷ್ಟು ವರ್ಷ ಜನರಿಗೆ ಹೇಳಿದ್ದರಲ್ಲಿ ಎಷ್ಟೋ ಅವರು ಇನ್ನೆರಡು ಹೆಜ್ಜೆ ನಡೆದಿದ್ದರೆ ತಾವೇ ಕಾಣುತ್ತಿದ್ದದ್ದಲ್ಲವೇ? ನನ್ನ ನಾದಿನಿಗೆ ಹೇಳಿದ್ದು, ಎದುರು ಮನೆಯ ಸೊಸೆಗೆ ಹೇಳಿದ್ದು. ‘ಹಾಗಾದ್ರೆ ಹೇಳಲೇಬೇಕಾದದ್ದು ಯಾವುದು?’ ಎಂದೆ. ‘ಎಷ್ಟು ಮುಂದ ನೋಡಿದ್ರೂ ಕಾಣದ್ದು ಒಂದೀಟ ಇರತಾವ್ರಿ. ಅವನ್ನಷ್ಟ’ ಎಂದಳು.

ಅಂಥವು ನಾಲ್ಕು ಉಳಿದವು. ಅಂಚಿನ ಕುದುರೆ, ರಾಜನ ಮುಂದಿನ ಬೇಲಿ, ಕ್ಯೂ ನಿಂತ ಕಾಲಾಳುಗಳು, ಕಾಯಿ ಕಡಿಮೆಯಾದಾಗ ರಾಜ ನಡುಮನೆಗೆ ಬರಬೇಕು ಎನ್ನುವುದು. ಇನ್ನೊಂದು ಉಪಾಯವನ್ನೂ ಮಾಡಿದಳು. ಪ್ರತಿ ಸಲ ಆಂಟಿಯನ್ನು ಕರೆಯುವಂತಿಲ್ಲ. ಮೊದಲು ಸುಮ್ಮನೆ ಕಾಯಿ ಎಣಿಸಿ ನೋಡುವುದು. ಸ್ಪಷ್ಟವಾಗಿ ಗೆದ್ದಿದ್ದರೆ ಅಥವಾ ಮುಳುಗಿಯೇ ಹೋಗಿದ್ದರೆ ಆಂಟಿಯಿಂದ ಏನಾಗಬೇಕು? ಅನುಮಾನ ಇದ್ದಾಗ ಮಾತ್ರ ಕರೆಯುವುದು. ‘ಮನೇಲೂ ಇದನ್ನೇ ಜಾರಿಗೆ ತರೋಣ’ ಎಂದು ಇವರು ಪೇಪರಿನ ಹಿಂದಿನಿಂದ ಹೇಳಿದ್ದು ನನಗೆ ಕೇಳಿಸಲಿಲ್ಲ ಎಂದು ಎಲ್ಲರೂ ತಿಳಿದಿದ್ದಾರೆ.

ಶನಿವಾರ ಬೆಳಿಗ್ಗೆ ಟಿಫಿನ್ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ನಾನೂ ಡಿಪಾರ್ಟ್‌ಮೆಂಟಿಗೆ ಹೋದೆ. ಗೈಡ್ ಮೇಡಂ ತಾಂತ್ ಎಂಬ ಕೈಮಗ್ಗದ ಸೀರೆಯುಟ್ಟ ತೆಳ್ಳನೆಯ ಹೆಂಗಸು. ನನ್ನನ್ನು ತಾಯಿಯೆಂದು ತಿಳಿದು ನಮಸ್ಕಾರ ಮಾಡಿದರು. ನಾನು ತಿದ್ದಲಿಲ್ಲ. ಎರಡು ಕಂಪ್ಯೂಟರುಗಳನ್ನು ಎದುರುಬದುರು ಕೂರಿಸಿದರು. ಆಡುವವರಿಗೆ ಮುಖವಿಲ್ಲ, ಬೆವರಿಲ್ಲ. ಬೆವರುವ ಕೆಲಸವೆಲ್ಲ ನಮ್ಮದು. ನೀಲಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಹಗ್ಗ ಮಾಡಿದ್ದಳು. ಒಂದು ಆಟ ನಮ್ಮದು, ಒಂದು ಅವರದು, ಎರಡು ಡ್ರಾ. ಚಿತ್ರಾನ್ನ ಬಿಚ್ಚಿದೆವು. ಯಾರೂ ತಿನ್ನಲಿಲ್ಲ, ಮೇಡಂ ಒಬ್ಬರನ್ನು ಬಿಟ್ಟು. ಒಂಬತ್ತು ಆಟ ಮುಗಿದಾಗ ಸರಿಸಮ. ಹತ್ತನೆಯದು ಗೆಲ್ಲಲೇಬೇಕು, ಡ್ರಾ ಆದರೆ ಚರಂಡಿ ನೀರು.

ಕೊನೆಯ ಆಟದಲ್ಲಿ ಬಹಳ ಕಾಯಿಗಳು ಹೋಗಿ ಬೋರ್ಡು ಖಾಲಿಯಾಗಿತ್ತು. ಆಗ ಎದುರಿನದು ತನ್ನ ಒಂಟೆಯನ್ನು ದೂರದಿಂದ ಓಡಿಸಿಕೊಂಡು ಬಂದು ನಮ್ಮ ಅಂಚಿನ ಕಾಲಾಳೊಂದನ್ನು ಗಬಕ್ಕನೆ ತಿಂದಿತು. ಡೋಂಟ್ ಗ್ರ್ಯಾಬ್! ನಮ್ಮ ಪ್ರೋಗ್ರಾಮು ಪಕ್ಕದ ಕಾಲಾಳನ್ನು ಒಂದೇ ಒಂದು ಮನೆ ಮುಂದೆ ಸರಿಸಿತು. ಒಂಟೆಗೆ ವಾಪಸು ಬರುವ ದಾರಿ ಮುಚ್ಚಿಹೋಯಿತು. ಆಮೇಲೆ ನಮ್ಮ ರಾಜ ವಾಕಿಂಗ್ ಹೊರಟವರಂತೆ ನಿಧಾನಕ್ಕೆ ಆ ಮೂಲೆಯ ಕಡೆ ಹೆಜ್ಜೆ ಹಾಕಿದ. ‘ಸಿಕ್ಕಿಬಿತ್ತು!’ ಎಂದು ನಾನು ಕನ್ನಡದಲ್ಲಿ ಕೂಗಿಬಿಟ್ಟೆ. ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. ಇಪ್ಪತ್ತು ನಡೆ ಕಳೆದು ಆಟ ನಮ್ಮದಾಯಿತು. ನೀಲಾ ನನ್ನನ್ನು ಅಪ್ಪಿಕೊಂಡ ರಭಸಕ್ಕೆ ಡಬ್ಬಿಯ ಮುಚ್ಚಳ ಹಾರಿ ಮೇಡಂ ಕಾಲ ಬಳಿ ಹೋಗಿ ಬಿತ್ತು. ಅವರು ಅದನ್ನೆತ್ತಿ ಕೊಡುತ್ತ, ಥೀಸಿಸ್ಸಿನ ಮುಂದಿನ ಅಧ್ಯಾಯ ಮಾರ್ಚಿಗೆ ಬೇಕು ಎಂದರು.

ಟ್ಯಾಕ್ಸಿಯಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ‘ನೋಡಿದ್ಯಾ ನೀಲಾ, ದಾರಿಯಿಲ್ಲದ ಒಂಟೆಯನ್ನು ಒಂಟೆ ಅಂತ ಎಣಿಸಬೇಡ! ಇಪ್ಪತ್ತಮೂರನೆಯ ಸಲಹೆ!’

ಈಗ ಅವಳಿಗೆ ಸಂಕೋಚ ಬಿಟ್ಟಿತ್ತು, ನಾನೇ ಬಿಡಿಸಿದ್ದು.

‘ಇಪ್ಪತ್ತಮೂರು ಬುಧವಾರ ತಗದೇವ್ರಿ ಆಂಟಿ. ಕೆಂಪು ಗೆರಿ ನೀವ ಎಳದೀರಿ.’

‘ಮತ್ತೆ ಅದಕ್ಕೆ ಹೇಗೆ ಗೊತ್ತಾಯ್ತು?’

‘ಅವರ ಒಂಟಿ ತಿಂದಾಗ, ಅದು ಸಿಕ್ಕೊಳ್ಳೂದು ಅವರ ಪ್ರೋಗ್ರಾಮಿನ ಕಣ್ಣಿಗಿಂತ ಒಂದ ಹೆಜ್ಜಿ ಆಚೆ ಇತ್ರಿ. ನಮ್ಮ ಸರದಿ ಬರೂದ್ರಾಗ ಒಂದ ಹೆಜ್ಜಿ ಈಚೆ ಬಂತು. ನಮ್ಮದು ನೋಡ್ತು. ನೋಡಾಕ ಅದಕ್ಕ ಟೈಮ್ ಸಿಕ್ಕಿತ್ತಲ್ರಿ.’

ಅಂದರೆ ಗೆಲ್ಲಿಸಿದ್ದು ನಾನು ಹೇಳಿದ ಮಾತಲ್ಲ, ಹೇಳದೆ ಬಿಟ್ಟದ್ದು. ನಾಲ್ಕು ಸಲಹೆಗಳು ನಮ್ಮನ್ನು ಒಂಬತ್ತು ಆಟದವರೆಗೆ ಮರ್ಯಾದೆಯಿಂದ ತಂದವು, ಮೂವತ್ತೇಳು ಮೌನಗಳು ಹತ್ತನೆಯದನ್ನು ದಾಟಿಸಿದವು. ಇದನ್ನು ಘೋಷಾಲ್ ಬಾಬುಗೆ ಹೇಳುವಾಗ ನಾನು ಸ್ವಲ್ಪ ಬದಲಾಯಿಸಿ ಹೇಳಿದೆ. ನಮ್ಮ ಪಾಡಾದಲ್ಲಿ, ಅಂದರೆ ಕೇರಿಯಲ್ಲಿ, ಈಗಲೂ ಇಪ್ಪತ್ತಮೂರನೆಯ ಸಲಹೆಗೆ ಒಳ್ಳೆಯ ಹೆಸರಿದೆ.

ನೀಲಾಳನ್ನು ನಾನು ಕೊನೆಯ ಸಲ ನೋಡಿದ್ದು ಈ ವರ್ಷ ಹೌರಾ ಸ್ಟೇಷನ್ನಿನಲ್ಲಿ. ಥೀಸಿಸ್ಸು ಒಪ್ಪಿಸಿ, ಗುವಾಹಾಟಿಯಲ್ಲಿ ಪಾಠ ಹೇಳುವ ಕೆಲಸ ಹಿಡಿದು ಹೊರಟಿದ್ದಳು. ಈ ಸಲ ಒಂದು ಮಾತೂ ಆಡಬಾರದು, ಹುಡುಗಿ ತಾನೇ ಮುಂದೆ ನೋಡಿಕೊಳ್ಳುತ್ತಾಳೆ ಎಂದು ಮನೆಯಿಂದಲೇ ನಿಶ್ಚಯಿಸಿ ಹೋಗಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ಬಾಯಿ ಬಿಗಿದು ನಿಂತೆ. ‘ಸಿಟ್ಟಾಗೀರೇನ್ರಿ ಆಂಟಿ?’ ಎಂದು ಎರಡು ಸಲ ಕೇಳಿದಳು, ತಲೆಯಾಡಿಸಿದೆ. ಕಾಲು ಮುಟ್ಟಿ, ಏಸಿ ಡಬ್ಬಿಯೊಳಗೆ ಹೋಗಿ ಕಿಟಕಿಯ ಪಕ್ಕ ಕೂತಳು. ದಪ್ಪ ಗಾಜು, ತೆರೆಯಲು ಬಾರದ್ದು. ರೈಲು ಅಲುಗಿದ್ದೇ ನನಗೆ ಏನಾಯಿತೋ. ಹೊಸ ಮನೆಯ ಮಾಲೀಕರಿಂದ ಹಿಡಿದು ಅಲ್ಲಿನ ಚಳಿ, ನೀರು ಕುದಿಸುವುದು, ಮದುವೆಗೆ ಅವಸರ ಬೇಡ, ತೀರ ತಡವೂ ಬೇಡ, ಫೋನು ಮಾಡು ಎನ್ನುವವರೆಗೆ ಎಲ್ಲವನ್ನೂ ಡಬ್ಬಿಯ ಜೊತೆಜೊತೆಗೆ ನಡೆಯುತ್ತ, ಆಮೇಲೆ ಓಡುತ್ತ, ಕೈ ಬೀಸಿ ಬೀಸಿ ಹೇಳಿದೆ. ಗಾಜಿನ ಆಚೆ ಅವಳು ಕಿವಿ ತೋರಿಸಿ, ಕೇಳಿಸುತ್ತಿಲ್ಲ ಎಂದು ಸನ್ನೆ ಮಾಡಿ, ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ನಾನು ಅದಕ್ಕೆಲ್ಲ ನಿಲ್ಲಿಸುವವಳಲ್ಲ. ಪ್ಲಾಟ್‌ಫಾರ್ಮು ಮುಗಿಯುವವರೆಗೂ ಹೇಳಿದೆ.